ಹಣೆಪಟ್ಟಿ ಹಚ್ಚುವ ಕೈಯಲ್ಲಿ ಮೊಬೈಲು

ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ನಾಯಂಡಹಳ್ಳಿಯಲ್ಲಿ ಸಂಜೆಯ ಹೊತ್ತು ಒಂದು ವಾಹನ ಇನ್ನೊಂದಕ್ಕೆ ತಾಗುವುದು, ಮಾತಿಗೆ ಮಾತು ಬೆಳೆಯುವುದು ಹೊಸ ಸಂಗತಿಯೇನಲ್ಲ. ನಾಲ್ಕು ಬೈಗುಳ, ಒಂದಿಷ್ಟು ತಳ್ಳಾಟ, ಹಿಂದಿನ ಬಸ್ಸಿನವನ ಹಾರನ್ನು. ಅಷ್ಟರಲ್ಲಿ ಹಿರಿಯರೊಬ್ಬರು ನಡುವೆ ಬಂದು 'ಹೋಗ್ಲಿ ಬಿಡ್ರಪ್ಪ' ಎಂದರೆ ಹಿಂದೆಲ್ಲ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಮನೆ ಸೇರುವ ವೇಳೆಗೆ ಜಗಳವಾಡಿದವರಿಗೇ ಅದು ಮರೆತು ಹೋಗಿರುತ್ತಿತ್ತು. ಈಗ ಬಿಡಿಸಲು ಚಾಚುವ ಕೈಗಿಂತ ಮೊದಲು ಮೊಬೈಲು ಹಿಡಿದ ಕೈ ಮೇಲೇಳುತ್ತದೆ. ಜಗಳ ಹೇಗೆ ಶುರುವಾಯಿತು ಎಂಬುದು ಆ ಚಿತ್ರಣದಲ್ಲಿ ಇರುವುದಿಲ್ಲ. ಒಬ್ಬರು ಕಿರುಚುವ ಅಥವಾ ಅಳುವ ಮೂವತ್ತು ಸೆಕೆಂಡು ಮಾತ್ರ ಇರುತ್ತದೆ. ರಾತ್ರಿ ಊಟದ ಹೊತ್ತಿಗೆ ಅದು ವಿಜಯನಗರ, ಬಸವೇಶ್ವರನಗರಗಳನ್ನು ದಾಟಿ ಹಾಸನ, ಹುಬ್ಬಳ್ಳಿಯ ಮೊಬೈಲುಗಳನ್ನೂ ತಲುಪಿರುತ್ತದೆ. ಅದರ ಮೇಲಿನ ತಲೆಬರಹದಲ್ಲಿ ಒಂದು ಪದವಂತೂ ಮತ್ತೆ ಮತ್ತೆ ಕಾಣಿಸುತ್ತದೆ: 'ಮೆಂಟಲ್'.

ಕೇಳದೆ ಚಿತ್ರ ತೆಗೆಯುವುದು ಒಂದು ಪ್ರಶ್ನೆ, ಅದನ್ನು ಊರ ಮುಂದೆ ಹರಡುವುದು ಇನ್ನೊಂದು, ಮೇಲೆ ರೋಗದ ಹೆಸರು ಅಂಟಿಸುವುದು ಮತ್ತೊಂದು. ಮೂರೂ ಬೇರೆ ಬೇರೆಯಾಗಿ ಹಳೆಯವೇ. ಮೂರೂ ಒಂದೇ ಸಾಧನದಲ್ಲಿ, ಒಂದೇ ಗಳಿಗೆಯಲ್ಲಿ ಕೂಡಿಕೊಂಡಿರುವುದು ಮಾತ್ರ ನಮ್ಮ ಕಾಲದ ವಿಶೇಷ. ಇದನ್ನು ಅರ್ಥ ಮಾಡಿಕೊಳ್ಳಲು ಆ ಪದದಿಂದಲೇ ಹೊರಡುವುದು ಒಳ್ಳೆಯದು. ಏಕೆಂದರೆ 'ಮೆಂಟಲ್' ಎಂಬುದು ನಮ್ಮಲ್ಲಿಗೆ ಬೈಗುಳವಾಗಿ ಬಂದದ್ದಲ್ಲ, ಗೌರವದ ಪದವಾಗಿ ಬಂದದ್ದು.

ಹೆಸರು ಬದಲಾದ ಆಸ್ಪತ್ರೆ

ಬೆಂಗಳೂರಿನಲ್ಲಿ ಮನೋರೋಗಿಗಳಿಗೆಂದೇ ಆಸ್ಪತ್ರೆಯೊಂದು 19ನೆಯ ಶತಮಾನದ ಮಧ್ಯಭಾಗದಿಂದಲೂ ಇದೆ. ಆಗ ಅದರ ಹೆಸರು 'ಲುನಾಟಿಕ್ ಅಸೈಲಂ'. ಚಂದ್ರನ ಪ್ರಭಾವದಿಂದ ಬುದ್ಧಿ ಕೆಡುತ್ತದೆಂಬ ಯೂರೋಪಿನ ಹಳೆಯ ನಂಬಿಕೆಯಿಂದ ಹುಟ್ಟಿದ ಮಾತು ಅದು. ನಮ್ಮ ಜನ ಅಷ್ಟು ದೂರ ಹೋಗದೆ ಹುಚ್ಚಾಸ್ಪತ್ರೆ ಎಂದರು. 1925ರಲ್ಲಿ ಮೈಸೂರು ಸರಕಾರ ಅದನ್ನು 'ಮೆಂಟಲ್ ಹಾಸ್ಪಿಟಲ್' ಎಂದು ಕರೆಯಿತು. ಇದು ಜನರನ್ನು ಕೂಡಿಹಾಕುವ ಜಾಗವಲ್ಲ, ಉಳಿದ ಆಸ್ಪತ್ರೆಗಳಂತೆ ಗುಣಪಡಿಸುವ ಜಾಗ ಎಂದು ಸಾರುವ ಹೆಸರು ಅದು. 1930ರ ದಶಕದಲ್ಲಿ ಆಸ್ಪತ್ರೆ ಹೊಸೂರು ರಸ್ತೆಯ ವಿಶಾಲ ಆವರಣಕ್ಕೆ ಬಂತು. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು.

ಹೀಗೆ ಪ್ರತಿ ಸಲವೂ ಹೆಸರು ಸುಧಾರಿಸಿತು. ಜನ ಏನು ಮಾಡಿದರು? 'ಮೆಂಟಲ್' ಎಂಬುದನ್ನು ಆಸ್ಪತ್ರೆಯಿಂದ ಕಿತ್ತು ಮನುಷ್ಯನಿಗೆ ಅಂಟಿಸಿದರು. ಮುಂದೆ 'ನಿಮ್ಹಾನ್ಸ್ ಕೇಸು' ಎಂಬ ಮಾತೇ ಬಂತು. ಉತ್ತರ ಕರ್ನಾಟಕದಲ್ಲಿ ಇದೇ ಕೆಲಸಕ್ಕೆ ಧಾರವಾಡದ ಹೆಸರು ಬಳಕೆಯಾಗುತ್ತದೆ, ಅಲ್ಲಿಯೂ ಬ್ರಿಟಿಷರ ಕಾಲದ ಮಾನಸಿಕ ಆಸ್ಪತ್ರೆ ಇರುವುದರಿಂದ. ನಿಮ್ಹಾನ್ಸಿನಲ್ಲಿ ಮೂರ್ಛೆರೋಗಕ್ಕೆ, ಲಕ್ವಕ್ಕೆ, ತಲೆಗೆ ಬಿದ್ದ ಪೆಟ್ಟಿಗೆ ಕೂಡ ಚಿಕಿತ್ಸೆ ಇದೆ. ಆದರೂ ಅಲ್ಲಿಗೆ ಹೋಗಿ ಬಂದವರು ಬೀದಿಯಲ್ಲಿ ಆ ಹೆಸರು ಹೇಳಲು ಹಿಂದೆಮುಂದೆ ನೋಡುತ್ತಾರೆ.

ವಿಚಿತ್ರವೆಂದರೆ ಹಳೆಯ 'ಹುಚ್ಚು' ಎಂಬ ಪದವೇ ಇದಕ್ಕಿಂತ ಉದಾರವಾಗಿತ್ತು. ಹುಚ್ಚು ಮಳೆ, ಹುಚ್ಚು ಹೊಳೆ, ಹುಚ್ಚು ಧೈರ್ಯ, ಓದಿನ ಹುಚ್ಚು, ನಾಟಕದ ಹುಚ್ಚು. ಎಣ್ಣೆಕಾಳಿಗೆ ಹುಚ್ಚೆಳ್ಳು. ಹಳೆ ಮೈಸೂರಿನ ಹಳ್ಳಿಗಳಲ್ಲಿ ಹುಚ್ಚಪ್ಪ, ಹುಚ್ಚಮ್ಮ, ಹುಚ್ಚೇಗೌಡ ಎಂದು ಹೆತ್ತ ಮಕ್ಕಳಿಗೇ ಹೆಸರಿಟ್ಟರು. ಆ ಪದದಲ್ಲಿ ನಿಂದೆ ಇರಲಿಲ್ಲವೆಂದಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ನಗುವಿನ ಹಿಂದೆ ಎಷ್ಟು ಮನೆಗಳ ಸಂಕಟವಿದೆಯೋ. ಆದರೆ ಆ ಪದಕ್ಕೆ ಪ್ರೀತಿ, ಭಕ್ತಿ, ತಮಾಷೆ ಎಲ್ಲಕ್ಕೂ ಜಾಗವಿತ್ತು. 'ಮೆಂಟಲ್' ಎಂಬ ಆಮದು ಪದಕ್ಕೆ ನಮ್ಮ ಬೀದಿಗಳಲ್ಲಿ ಒಂದೇ ಕೆಲಸ.

ಅಂದಮೇಲೆ ಪದವನ್ನು ಬದಲಾಯಿಸಿದರೆ ಅವಮಾನ ಹೋಗುತ್ತದೆಂಬ ನಂಬಿಕೆಯನ್ನು ಸುಮಾರು ನೂರು ವರ್ಷಗಳ ಈ ಚರಿತ್ರೆ ಸುಳ್ಳು ಮಾಡಿದೆ. ಈಗ ಸರದಿ ಡಿಪ್ರೆಷನ್, ಬೈಪೋಲಾರ್, ಓಸಿಡಿಗಳದ್ದು. ವೈದ್ಯರ ಕೋಣೆಯಲ್ಲಿ ಇವು ಚಿಕಿತ್ಸೆಯ ದಾರಿ ತೋರಿಸುವ ಕೈಮರಗಳು. ಬಾಗಿಲು ದಾಟಿ ಬೀದಿಗೆ ಬಂದರೆ ಬರೆ ಹಾಕುವ ಸಲಾಕೆಗಳು. ಪದ ಯಾವುದು ಎಂಬುದಕ್ಕಿಂತ ಅದನ್ನು ಯಾರು, ಎಲ್ಲಿ, ಯಾರ ಮುಂದೆ ಆಡಿದರು ಎಂಬುದೇ ಮುಖ್ಯ. ಕೋಣೆಗೂ ಬೀದಿಗೂ ನಡುವೆ ಇದ್ದ ಗೋಡೆಯನ್ನೇ ಮೊಬೈಲು ಕೆಡವಿದೆ.

ಕಾವೇರಿಯ ಕಥೆ

ಕನ್ನಡಿಗರಿಗೆ ಈ ಮಾತನ್ನು ಮೊದಲು ಮನಮುಟ್ಟಿಸಿದ್ದು ಬಹುಶಃ ವೈದ್ಯರಲ್ಲ, ಕಾದಂಬರಿಗಾರ್ತಿಯೊಬ್ಬರು. ಮನಃಶಾಸ್ತ್ರ ಓದಿದ್ದ ತ್ರಿವೇಣಿ (1928-1963) ಬರೆದ 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲ್ 1970ರ ದಶಕದ ಆರಂಭದಲ್ಲಿ ತೆರೆಗೆ ತಂದರು. ಕಲ್ಪನಾ ಅಭಿನಯಿಸಿದ ಕಾವೇರಿಯನ್ನು ನೋಡಿ ಕಣ್ಣೀರು ಹಾಕದವರು ಆ ತಲೆಮಾರಿನಲ್ಲಿ ಕಡಿಮೆ. ಹೆರಿಗೆಯ ನಂತರ ಮನಸ್ಸು ಕದಡಿದ ಹೆಣ್ಣುಮಗಳು ಆಸ್ಪತ್ರೆ ಸೇರುತ್ತಾಳೆ. ಹಳ್ಳಿಯವರು ಬಾಣಂತಿ ಸನ್ನಿ ಎಂದು ಗುರುತಿಸುತ್ತಿದ್ದ ಸ್ಥಿತಿಗೆ ಹತ್ತಿರದ್ದು ಅದು. ಅವಳು ಗುಣವಾಗಿ ಮನೆಗೆ ಬರುತ್ತಾಳೆ. ಕಥೆಯ ಕ್ರೌರ್ಯ ಶುರುವಾಗುವುದೇ ಆಗ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಉಳಿದವರು ಮಾಡಿದರೆ ಸಹಜವೆನ್ನಿಸುವುದು ಅವಳು ಮಾಡಿದರೆ ರೋಗ ಮರುಕಳಿಸಿದ ಲಕ್ಷಣ. ಕೊನೆಗೆ ಅವಳನ್ನು ಮತ್ತೆ ಆಸ್ಪತ್ರೆಗೆ ದೂಡುವುದು ಹಳೆಯ ರೋಗಕ್ಕಿಂತ ಹೆಚ್ಚಾಗಿ ಸುತ್ತಲಿನವರ ನೋಟ.

ಒಂದು ಸಂಸಾರ, ಒಂದಷ್ಟು ನೆಂಟರಿಷ್ಟರು, ನೆರೆಹೊರೆ. ಕಾವೇರಿಯನ್ನು ಕೆಡವಲು ಅಷ್ಟೇ ಸಾಕಾಯಿತು. ಅವಳು ಕಿರುಚಿದ ಒಂದು ಗಳಿಗೆ ಅಂದು ಹತ್ತು ಲಕ್ಷ ಜನರ ಜೇಬಿನಲ್ಲಿ ಇರಲಿಲ್ಲ ಎಂಬುದನ್ನು ನೆನೆದರೆ ಇಂದಿನ ಕಾವೇರಿಯರ ಪಾಡು ಊಹಿಸಬಹುದು.

ಅದೇ ದಶಕದಲ್ಲಿ ಇನ್ನೊಂದು ಪ್ರಯತ್ನವೂ ನಡೆಯಿತು. 'ರಾಶಿ' ಎಂದೇ ಹೆಸರಾದ ಡಾ. ಎಂ. ಶಿವರಾಂ 'ಕೊರವಂಜಿ'ಯ ಮೂಲಕ ಕನ್ನಡಿಗರನ್ನು ನಗಿಸಿದವರು. ಅವರು ಮನಸ್ಸಿನ ಕಾಯಿಲೆಗಳನ್ನು ಕುರಿತು ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಂಥ ವಿಷಯದ ಪುಸ್ತಕಕ್ಕೆ ಸಾಹಿತ್ಯದ ಪ್ರಶಸ್ತಿ ಸಂದದ್ದು ಸಣ್ಣ ಸಂಗತಿಯಲ್ಲ. ಆಮೇಲೆ ನಿಮ್ಹಾನ್ಸಿನ ಡಾ. ಸಿ. ಆರ್. ಚಂದ್ರಶೇಖರ್ ಅವರಂಥವರು ಪತ್ರಿಕೆ, ಪುಸ್ತಕಗಳ ಮೂಲಕ ಇದನ್ನು ಮನೆಮನೆಗೆ ಒಯ್ದರು. ಪತ್ರಿಕೆಗಳಿಗೂ ಇದರಲ್ಲಿ ಪುಣ್ಯದ ಪಾಲಿದೆ. ಪಾಪದ ಪಾಲೂ ಇದೆ. ವೈದ್ಯರ ಮಾತಿಗೂ ಕಾಯದೆ 'ಮಾನಸಿಕ ಅಸ್ವಸ್ಥನ ರಂಪಾಟ' ಎಂದು ತಲೆಬರಹ ಕೊಡುವ ಚಾಳಿ ಮೊಬೈಲಿಗಿಂತ ಹಳೆಯದು.

ಕಾನೂನು ಹೇಳುವುದೇನು?

ಶರಪಂಜರದ ಕಾವೇರಿಗೆ ದೊರೆಯದ ರಕ್ಷಣೆ ಇಂದು ಕಾಗದದ ಮೇಲಾದರೂ ಇದೆ. 1912ರ ಲುನಸಿ ಕಾಯ್ದೆ, ಅದರ ಜಾಗಕ್ಕೆ ಬಂದ 1987ರ ಕಾಯ್ದೆ, ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಹೆಸರುಗಳಲ್ಲೇ ಒಂದು ಪಯಣವಿದೆ. 2018ರಲ್ಲಿ ಜಾರಿಗೆ ಬಂದ ಈ ಕೊನೆಯ ಕಾಯ್ದೆಯ 3ನೆಯ ಸೆಕ್ಷನ್ ಓದತಕ್ಕದ್ದು. ಚಿಕಿತ್ಸೆಗೆ ಸಂಬಂಧಿಸಿದ ಕಾರಣಕ್ಕೆ ಅಥವಾ ಕಾನೂನು ಹೇಳಿದ ಸಂದರ್ಭದಲ್ಲಿ ಬಿಟ್ಟರೆ ಯಾವ ವ್ಯಕ್ತಿಯಾಗಲಿ ಅಧಿಕಾರಿಯಾಗಲಿ ಇನ್ನೊಬ್ಬರನ್ನು ಮನೋರೋಗಿಯೆಂದು ವಿಂಗಡಿಸುವಂತಿಲ್ಲ. ಸಮಾಜದ, ಸಂಸ್ಕೃತಿಯ ಅಥವಾ ರಾಜಕೀಯದ ನಡಾವಳಿಗೆ ಹೊಂದಿಕೊಳ್ಳದಿರುವುದು ಮನೋರೋಗ ನಿರ್ಧರಿಸಲು ಆಧಾರವಲ್ಲ. ಹಿಂದೆ ಚಿಕಿತ್ಸೆ ಪಡೆದಿದ್ದರು ಎಂಬುದೊಂದೇ ಕಾರಣಕ್ಕೆ ಇಂದೂ ರೋಗಿ ಎನ್ನುವಂತಿಲ್ಲ. ಈ ಕೊನೆಯ ಮಾತನ್ನು ಕಾವೇರಿಯ ಕಥೆ ನೋಡಿದವರೇ ಬರೆದಂತಿದೆ.

24ನೆಯ ಸೆಕ್ಷನ್ ಇನ್ನೂ ಸ್ಪಷ್ಟ. ಆಸ್ಪತ್ರೆಯಲ್ಲಿ ಚಿಕಿತ್ಸೆಯಲ್ಲಿರುವವರ ಚಿತ್ರವನ್ನಾಗಲಿ ವಿವರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಗಳಿಗೆ ಕೊಡಕೂಡದು. ಗಣಕಯಂತ್ರದಲ್ಲಿ, ಅಂತರ್ಜಾಲದಲ್ಲಿ ಇರಿಸಿದ ಮಾಹಿತಿಗೂ ಇದು ಅನ್ವಯ. ಆದರೆ ನಿಯಮದ ಕೈ ತಲುಪುವುದು ಆಸ್ಪತ್ರೆಯ ಗೇಟಿನವರೆಗೆ. ರಸ್ತೆಯಲ್ಲಿ ಕುಸಿದು ಕುಳಿತವರನ್ನು ಅಪರಿಚಿತನೊಬ್ಬ ಚಿತ್ರೀಕರಿಸಿ 'ಮೆಂಟಲ್' ಎಂದು ಬರೆದರೆ ಅವನು ವೈದ್ಯನೂ ಅಲ್ಲ, ಮಾಧ್ಯಮವೂ ಅಲ್ಲ, ಚಿಕಿತ್ಸೆಯ ಮಾತೂ ಅಲ್ಲಿಲ್ಲ.

ಕ್ಯಾಮೆರಾ ಯಾರ ಕಡೆ?

ಹಾಗಾದರೆ ಮೊಬೈಲು ಎತ್ತುವುದೇ ತಪ್ಪೇ? ಹಾಗೆನ್ನಲೂ ಬರುವುದಿಲ್ಲ. ಪಶ್ಚಿಮ ಬೆಂಗಳೂರಿನ ಎರಡು ಪ್ರಸಂಗಗಳನ್ನು ನೋಡಿ. 2024ರ ಫೆಬ್ರವರಿಯಲ್ಲಿ ರಾಜಾಜಿನಗರದ ಮೆಟ್ರೊ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆ ಎಂದು ರೈತರೊಬ್ಬರನ್ನು ತಡೆದರು. ಟಿಕೆಟ್ ಇತ್ತು, ತಲೆಯ ಮೇಲೆ ಗಂಟಿತ್ತು. ಸಹಪ್ರಯಾಣಿಕರು ಅವರ ಪರ ನಿಂತು ವಾದಿಸಿದರು, ಚಿತ್ರೀಕರಿಸಿದರು. ಆ ವಿಡಿಯೊ ಹರಡಿತು. ಮೆಟ್ರೊ ನಿಗಮ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು. ಅದೇ ವರ್ಷ ಜುಲೈಯಲ್ಲಿ ಮಾಗಡಿ ರಸ್ತೆಯ ಜಿ.ಟಿ. ಮಾಲಿಗೆ ಮಗನೊಂದಿಗೆ ಸಿನಿಮಾ ನೋಡಲು ಬಂದಿದ್ದ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ಆ ವಿಡಿಯೊ ವಿಧಾನಮಂಡಲದವರೆಗೆ ಹೋಗಿ, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರಕಾರ ಹೇಳಿತು. ಮೊಬೈಲು ಇರದಿದ್ದರೆ ಈ ಇಬ್ಬರ ಅವಮಾನವೂ ಅವರೊಂದಿಗೇ ಊರಿಗೆ ಮರಳುತ್ತಿತ್ತು.

ಇಲ್ಲಿ ಕ್ಯಾಮೆರಾ ಇದ್ದದ್ದು ದುರ್ಬಲರ ಪಕ್ಕದಲ್ಲಿ, ತಿರುಗಿದ್ದು ಬಾಗಿಲು ಕಾಯುವ ಸಂಸ್ಥೆಯ ಕಡೆಗೆ. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಅಳುವ ಹೆಂಗಸಿನ ಕಡೆಗೆ ತಿರುಗುವ ಕ್ಯಾಮೆರಾಕ್ಕೂ ಇದಕ್ಕೂ ಸಾಧನ ಒಂದೇ, ನಡತೆ ಬೇರೆ. ಆದರೂ ಒಂದು ಮಾತು ಗಂಟಲಲ್ಲಿ ಉಳಿಯುತ್ತದೆ. ರಾಜಾಜಿನಗರದಲ್ಲಿ ಕೆಲಸ ಕಳೆದುಕೊಂಡದ್ದು ಮೇಲ್ವಿಚಾರಕ. ಕೊಳೆ ಬಟ್ಟೆಯವರನ್ನು ಅನುಮಾನದಿಂದ ನೋಡಬೇಕೆಂಬ ಪಾಠ ಅವನಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ವಿಡಿಯೊದಲ್ಲಿ ಮೂಡುವುದಿಲ್ಲ. ವಿಡಿಯೊಗೆ ಬೇಕಾದದ್ದು ಮುಖ. ವ್ಯವಸ್ಥೆಗೆ ಮುಖವಿರುವುದಿಲ್ಲ.

ಮುಖ ಸಿಕ್ಕಮೇಲೆ ಗುಂಪಿನ ನ್ಯಾಯ ಎಷ್ಟು ಚಂಚಲ ಎಂಬುದನ್ನೂ ಬೆಂಗಳೂರು ಕಂಡಿದೆ. 2021ರ ಮಾರ್ಚಿನಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆಯ ಮಹಿಳೆಯೊಬ್ಬರು ಊಟ ತಂದುಕೊಡುವ ಯುವಕ ತಮ್ಮ ಮೂಗಿಗೆ ಗುದ್ದಿದನೆಂದು ರಕ್ತ ಸುರಿಯುವ ಮುಖದ ವಿಡಿಯೊ ಹಾಕಿದರು. ದೇಶವೇ ಆ ಯುವಕನ ಮೇಲೆ ಬಿತ್ತು. ಪೊಲೀಸರು ಬಂಧಿಸಿದರು. ಕೆಲವೇ ದಿನಗಳಲ್ಲಿ ಅವನು, ತಾನು ಹೊಡೆದಿಲ್ಲ, ತನಗೇ ಪೆಟ್ಟು ಬಿತ್ತು ಎಂದು ಅಳುತ್ತಾ ತನ್ನ ಕಡೆಯ ಮಾತು ಹೇಳಿದ. ಗುಂಪು ಅಷ್ಟೇ ರಭಸದಿಂದ ಮಹಿಳೆಯತ್ತ ತಿರುಗಿತು. ಅವರ ಮೇಲೂ ಮೊಕದ್ದಮೆ ದಾಖಲಾಯಿತು. ನಿಜ ಏನೆಂಬುದು ನ್ಯಾಯಾಲಯದ ವಿಷಯ. ಅಷ್ಟರಲ್ಲಿ ಇಬ್ಬರ ಹೆಸರೂ ಮುಖವೂ ಅಳಿಸಲಾಗದಂತೆ ಉಳಿದವು. ಅವನ್ನು ಇಲ್ಲಿ ಮತ್ತೊಮ್ಮೆ ಬರೆಯುವ ಅಗತ್ಯವಿಲ್ಲ.

ಮೈಸೂರು ರಸ್ತೆಯಲ್ಲೇ ಪೇಟೆಯ ಕಡೆಗೆ ಹೋದರೆ ಸಿಗುವ ಚಾಮರಾಜಪೇಟೆಯಲ್ಲಿ 2018ರ ಮೇ ತಿಂಗಳಲ್ಲಿ ನಡೆದದ್ದು ಇದಕ್ಕಿಂತ ಘೋರ. ಕೆಲಸ ಹುಡುಕಿ ಬಂದ ರಾಜಸ್ಥಾನದ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಕಟ್ಟಿ ಎಳೆದು ಹೊಡೆದು ಕೊಂದರು. ಆ ದಿನಗಳಲ್ಲಿ ವಾಟ್ಸ್‌ಆ್ಯಪಿನಲ್ಲಿ ಹರಿದಾಡುತ್ತಿದ್ದುದು ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ಹಿಂದಕ್ಕೆ ಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಭಾಗವನ್ನು ಯಾರೋ ಕತ್ತರಿಸಿದ್ದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟು ಹಂಚಿದ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಇದೇ ಅನುಮಾನಕ್ಕೆ ಬಲಿಯಾದರು. ಅವರ ಕಾರು ಊರು ದಾಟುವ ಮೊದಲೇ ಅದರ ಸುದ್ದಿ ಮೊಬೈಲಿನಲ್ಲಿ ಮುಂದಿನ ಊರು ತಲುಪಿತ್ತು. ಆ ವರ್ಷ ದೇಶದ ಬೇರೆ ಬೇರೆ ಕಡೆ ಹೀಗೆ ಏಟು ತಿಂದವರಲ್ಲಿ ಅಲೆಮಾರಿಗಳು, ಭಿಕ್ಷುಕರು, ತಮ್ಮ ಬಗ್ಗೆ ಸರಿಯಾಗಿ ಹೇಳಿಕೊಳ್ಳಲಾಗದ ಮನೋರೋಗಿಗಳು ಇದ್ದರು. 'ಯಾರು ನೀನು' ಎಂದು ಗುಂಪು ಕೇಳಿದಾಗ ತಡವರಿಸುವವರೇ ಮೊದಲು ಸಿಕ್ಕಿಬೀಳುತ್ತಾರೆ. ಆ ಜುಲೈಯಲ್ಲೇ ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐವರಿಗಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕಿತು.

ತನಗೆ ತಾನೇ ಹಚ್ಚಿಕೊಳ್ಳುವ ಪಟ್ಟಿ

ಇದರ ಇನ್ನೊಂದು ಮುಖವೂ ಇದೆ. ಇಂದಿನ ಕಾಲೇಜು ಹುಡುಗ ಹುಡುಗಿಯರು ಈ ಪದಗಳನ್ನು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುತ್ತಾರೆ. ಮೇಜು ಒಪ್ಪವಾಗಿಡುವವಳು ತನಗೆ ಓಸಿಡಿ ಎನ್ನುತ್ತಾಳೆ, ಪಾಠದಲ್ಲಿ ಮನಸ್ಸು ನಿಲ್ಲದವನು ಎಡಿಎಚ್‌ಡಿ ಎನ್ನುತ್ತಾನೆ, ಬಿಟ್ಟುಹೋದ ಗೆಳೆಯ 'ನಾರ್ಸಿಸಿಸ್ಟ್' ಆಗುತ್ತಾನೆ. ಇದೆಲ್ಲ ಒಂದು ನಿಮಿಷದ ರೀಲುಗಳಿಂದ ಕಲಿತದ್ದು. ಹಿರಿಯರು ನಗುತ್ತಾರೆ. ಆ ನಗು ಪೂರ್ತಿ ನ್ಯಾಯವಲ್ಲ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಹೆಚ್ಚಿನ ಕಾಯಿಲೆಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮಗ ಹಾಸಿಗೆಯಿಂದ ಏಳುವುದಿಲ್ಲವೆಂದರೆ 'ಸೋಂಬೇರಿ' ಎನ್ನುತ್ತಿದ್ದ ಮನೆಯಲ್ಲಿ ಡಿಪ್ರೆಷನ್ ಎಂಬ ಪದ ಬಂದದ್ದು ಲಾಭವೇ.

ತೊಡಕಿರುವುದು ಪದಗಳು ಸ್ಥಿರ ಎಂದು ತಿಳಿಯುವುದರಲ್ಲಿ. ರೋಗಗಳ ಪಟ್ಟಿ ಆಕಾಶದಿಂದ ಇಳಿದುದಲ್ಲ, ತಜ್ಞರು ಕೂತು ಮಾಡಿದ್ದು, ತಿದ್ದಿದ್ದು. ಸಲಿಂಗ ಪ್ರೇಮ 1973ರವರೆಗೆ ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ, 1990ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ರೋಗವಾಗಿತ್ತು. ಈಗ ಅಲ್ಲ. ಕಂಪ್ಯೂಟರ್ ಆಟದ ಗೀಳು ರೋಗವಾಗಿರಲಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಹೊಸ ಪಟ್ಟಿಯಲ್ಲಿ ಅದಿದೆ. ಅದಕ್ಕೂ ಮೊದಲೇ, 2014ರಲ್ಲಿ, ನಿಮ್ಹಾನ್ಸ್ ಮೊಬೈಲು, ಅಂತರ್ಜಾಲಗಳ ಅತಿ ಬಳಕೆಯಿಂದ ಬಳಲುವವರಿಗಾಗಿ 'ಶಟ್' ಎಂಬ ಕ್ಲಿನಿಕ್ ತೆರೆಯಿತು. ಪಟ್ಟಿ ತಿದ್ದಬಹುದು. ಹದಿನೆಂಟರಲ್ಲಿ ಸಾವಿರಾರು ಜನರೆದುರು ತನಗೆ ತಾನೇ ಹಚ್ಚಿಕೊಂಡ ಪದವನ್ನು ಇಪ್ಪತ್ತೆಂಟರಲ್ಲಿ, ಕೆಲಸ ಕೊಡುವ ಕಂಪನಿಯವರೋ ಹೆಣ್ಣು ನೋಡಲು ಬರುವವರೋ ಮೊಬೈಲಿನಲ್ಲಿ ಹುಡುಕಿ ನೋಡುವ ಹೊತ್ತಿಗೆ, ತಿದ್ದುವವರು ಯಾರು?

ಮರೆಯುವ ಹಕ್ಕು

ಈ ಪ್ರಶ್ನೆ ಕರ್ನಾಟಕದಲ್ಲೇ ಒಮ್ಮೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಮಗಳ ವಿವಾಹ ವ್ಯಾಜ್ಯ ರಾಜಿಯಲ್ಲಿ ಮುಗಿದಿದ್ದರೂ ಆಕೆಯ ಹೆಸರು ಬರೆದು ಹುಡುಕಿದರೆ ಹಳೆಯ ಆದೇಶ ಎದುರಾಗುತ್ತದೆ, ಬಾಳಿಗೆ ಅದು ತೊಡಕಾಗುತ್ತದೆ ಎಂದು ತಂದೆಯೊಬ್ಬರು ಹೈಕೋರ್ಟಿಗೆ ಹೋದರು. 2017ರ ಜನವರಿಯಲ್ಲಿ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ, ಅಂತರ್ಜಾಲದ ಹುಡುಕಾಟದಲ್ಲಿ ಆಕೆಯ ಹೆಸರು ಕಾಣಿಸದಂತೆ ನೋಡಿಕೊಳ್ಳಬೇಕೆಂದು ಕಚೇರಿಗೆ ಸೂಚಿಸಿದರು. ಹೆಣ್ಣುಮಕ್ಕಳ ಮಾನಕ್ಕೆ ಸಂಬಂಧಿಸಿದ ಸೂಕ್ಷ್ಮ ಪ್ರಕರಣಗಳಲ್ಲಿ ಪಾಶ್ಚಾತ್ಯ ದೇಶಗಳು ಮನ್ನಿಸುತ್ತಿರುವ 'ಮರೆಯಲ್ಪಡುವ ಹಕ್ಕಿ'ನ ಮಾತು ಆ ಆದೇಶದಲ್ಲಿದೆ. ಅದೇ ವರ್ಷ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಮೊಕದ್ದಮೆ ಹೂಡಿದ ಕೆ. ಎಸ್. ಪುಟ್ಟಸ್ವಾಮಿಯವರೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೇ.

ಆದರೆ ಹೈಕೋರ್ಟಿಗೆ ಹೋಗಬಲ್ಲ ತಂದೆ ಎಲ್ಲರಿಗೂ ಇರುವುದಿಲ್ಲ. ಬೆತ್ತಲೆ ಚಿತ್ರವೋ ನಕಲಿ ಚಿತ್ರವೋ ಹರಿದಾಡಿದರೆ ದೂರು ಕೊಟ್ಟ ಕೂಡಲೇ ಅದನ್ನು ತೆಗೆಯುವ ಹೊಣೆಯನ್ನು 2021ರ ನಿಯಮಗಳು ಕಂಪನಿಗಳ ಮೇಲೆ ಹೊರಿಸಿವೆ. 2025ರ ಮೇ ತಿಂಗಳಲ್ಲಿ ನಮ್ಮ ಮೆಟ್ರೊದಲ್ಲಿ ಮಹಿಳೆಯರನ್ನು ಗುಟ್ಟಾಗಿ ಚಿತ್ರೀಕರಿಸಿ ಹಾಕುತ್ತಿದ್ದ ಖಾತೆಯೊಂದು ಬಯಲಾದಾಗ ಬನಶಂಕರಿ ಪೊಲೀಸರು ಮೊಕದ್ದಮೆ ಹೂಡಿದರು, ಒಬ್ಬನನ್ನು ಬಂಧಿಸಿದರು. ಆದರೆ ಬಟ್ಟೆಬರೆ ಸರಿಯಾಗಿಯೇ ಇದ್ದು, ರಸ್ತೆಯಲ್ಲಿ ಮನಸ್ಸಿನ ಹತೋಟಿ ತಪ್ಪಿ ಕಿರುಚಿದವರ ಚಿತ್ರ ಈ ಯಾವ ಪೆಟ್ಟಿಗೆಯಲ್ಲೂ ಸಲೀಸಾಗಿ ಕೂರುವುದಿಲ್ಲ. ಮಾನನಷ್ಟ ಮೊಕದ್ದಮೆ ಹೂಡಬಹುದು, ಅದಕ್ಕೆ ವರ್ಷಗಳು ಬೇಕು. ವಿಡಿಯೊ ಹರಡಲು ಒಂದು ಸಂಜೆ ಸಾಕು.

ಇಂಥದ್ದರಲ್ಲಿ ಸಿಕ್ಕಿ ನಿದ್ದೆಗೆಟ್ಟವರು, ಅಥವಾ ಹಾಗೆಯೇ ಮನಸ್ಸು ಭಾರವಾದವರು ಮಾತಾಡಲು ಕೇಂದ್ರ ಸರಕಾರದ ಟೆಲಿಮಾನಸ್ ಎಂಬ ಉಚಿತ ದೂರವಾಣಿ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯನ್ನು ರೂಪಿಸಿದ್ದು ಹೊಸೂರು ರಸ್ತೆಯ ನಿಮ್ಹಾನ್ಸೇ. ಸಂಖ್ಯೆ 14416. ಹಗಲು ರಾತ್ರಿ ಎನ್ನದೆ, ಕನ್ನಡದಲ್ಲೇ ಮಾತಾಡಬಹುದು.